ನಿನ್ನ ತಾಯಿ ಹೇಗಿದ್ದಾಳೆ?

ಮಗಳು ಫ್ರಾನ್ಸಿನಿಂದ ಬರುತ್ತಾಳೆಂದು ತಿಳಿದ ದಿನದಿಂದ ಭೀಮಬಾಯಿ ಒಗ್ಗರಣೆ ಹಾಕುತ್ತಲೇ ಫ್ರೆಂಚ್ ಕಲಿಯತೊಡಗಿದಳು. ಜೀವನ್ ಬಿಮಾ ನಗರದಲ್ಲಿ ಅವಳು ಅಡುಗೆ ಮಾಡುವ ಮನೆಯ ಹುಡುಗಿ ರಮ್ಯಶ್ರೀ ಕಾಲೇಜಿನಲ್ಲಿ ಆ ಭಾಷೆ ಓದುತ್ತಿದ್ದಳು.

“ಮೊದ್ಲು ಏನ್ ಕೇಳ್ಬೇಕು ಆಂಟಿ?”

“ಆಕಿ ತಾಯಿ ಹೆಂಗದಾಳಂತ.”

“ತಾಯಿ ನೀವೇ ಅಲ್ವಾ?”

“ಸಾಕಿದಾಕಿ ಅದಾಳಲ್ಲವ್ವಾ. ಆಕಿನ್ನ ಬಿಟ್ಟು ನನ್ನ ಸುದ್ದಿ ಹೆಂಗ ತೆಗೀಲಿ?”

“ಹಂಗಾದ್ರೆ ಹೇಳಿ, ತಾ ಮಮಾಂ ವಾ ಬ್ಯಾಂ?”

ಭೀಮಬಾಯಿ ನಕ್ಕಳು. “ಮಾಮಾ ಅಂದ್ರ ನಮ್ಮ ಕಡೆ ತಾಯಿ ತಮ್ಮ!” ಗಂಡ ಇದ್ದಾನಾ, ಮಕ್ಕಳೆಷ್ಟು ಎಂದು ಕೇಳುವುದನ್ನೂ ಕಲಿತಳು.

ಯಾದಗಿರಿ ಕಡೆಯಿಂದ ಗಂಡನೊಂದಿಗೆ ಕಟ್ಟಡದ ಕೆಲಸಕ್ಕೆ ಬಂದವಳು ಅವಳು. ಗಂಡ ಭಗವಂತರಾಯ ಮೇಲಿಂದ ಬಿದ್ದು ಸತ್ತ. ಅವಳಿಗೆ ಟಿ.ಬಿ. ಅಂಟಿತು. ಹಲ್ಲು ಬಾರದ ಕೂಸು ಪ್ರಿಯದರ್ಶಿನಿಯನ್ನು, ವಾಸಿಯಾಗುವವರೆಗೆ ನೋಡಿಕೊಳ್ಳಿ ಎಂದು ಶಿವಾಜಿನಗರದ ಹತ್ತಿರದ ಒಂದು ಅನಾಥಾಲಯದಲ್ಲಿ ಬಿಟ್ಟು ಆಸ್ಪತ್ರೆ ಸೇರಿದಳು. ಹಿಂತಿರುಗಿದಾಗ ಕೂಸಿರಲಿಲ್ಲ. ಫಾರಿನ್ನಿನವರಿಗೆ ಕೊಟ್ಟಾಯಿತು, ಒಳ್ಳೆ ಮನೆ, ಅಳಬೇಡ ಎಂದರು. ಗೇಟಿನ ಮುಂದೆ ಕೂತು ಬಾಯಿ ಬಡಿದುಕೊಂಡವಳನ್ನು ಪೊಲೀಸರು ಎಬ್ಬಿಸಿ ಕಳಿಸಿದರು. ಇಪ್ಪತ್ತೈದು ವರ್ಷದ ಮೇಲೆ ಆ ಮಗಳೇ ಯಾವುದೋ ಸಂಸ್ಥೆಯವರಿಂದ ಹುಡುಕಿಸಿದ್ದಳು.

ಭಾನುವಾರ ರಾಮಮೂರ್ತಿ ನಗರದ ಒಂದೇ ಕೋಣೆಯ ಮನೆಗೆ ಎಲೊಡಿ ಬಂದಳು. ಮಗಳಿಗೆ ಈಗ ಅದೇ ಹೆಸರು. ಮಾತು ತಿಳಿಸಿಕೊಡಲು ರಮ್ಯಶ್ರೀ ಜೊತೆಗಿದ್ದಳು. ಬಾಗಿಲಲ್ಲಿ ನಿಂತವಳದು ಥೇಟ್ ಭಗವಂತರಾಯನ ಹುಬ್ಬು. ಮುಟ್ಟುವ ಧೈರ್ಯ ಬರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಭೀಮಬಾಯಿ ಕೇಳಿದಳು:

“ತಾ ಮಮಾಂ ವಾ ಬ್ಯಾಂ?”

ಎಲೊಡಿ ಗೋಡೆಗೊರಗಿ ಕುಸಿದು ಕುಳಿತಳು. ಏನೇನೋ ಹೇಳುತ್ತ ಅಳತೊಡಗಿದಳು. ಪ್ರಶ್ನೆ ಕಲಿತಿದ್ದ ಭೀಮಬಾಯಿಗೆ ಉತ್ತರ ತಿಳಿಯಲಿಲ್ಲ.

“ಅವ್ರಮ್ಮ ತೀರ್ಕೊಂಡ್ಬಿಟ್ರಂತೆ ಆಂಟಿ, ಹೋದ್ ವರ್ಷ,” ಎಂದಳು ರಮ್ಯಶ್ರೀ. “ಅವ್ರು ಇರೋವರ್ಗೂ ನಿಮ್ಮನ್ನ ಹುಡ್ಕೋಕೆ ಮನಸ್ಸು ಬರ್ಲಿಲ್ವಂತೆ.”

ಭೀಮಬಾಯಿ ಪಕ್ಕದಲ್ಲಿ ಕುಳಿತು ಮಗಳ ಬೆನ್ನು ಸವರಿದಳು. ಮಗಳು ಅಳುತ್ತಿದ್ದದ್ದು ತಾಯಿಗಾಗಿಯೇ. ಆ ತಾಯಿ ತಾನಲ್ಲ.

ಸ್ವಲ್ಪ ಹೊತ್ತಿನ ಮೇಲೆ ಎಲೊಡಿ ಮೆಲ್ಲಗೆ ಏನೋ ಕೇಳಿದಳು. ರಮ್ಯಶ್ರೀ ತಡವರಿಸಿದಳು. “ನಿಮಗೆ ಮಗು ಬೇಡವಾಗಿತ್ತು ಅಂತ ಅನಾಥಾಲಯದವ್ರು ಅವ್ರಮ್ಮಂಗೆ ಹೇಳಿದ್ರಂತೆ. ಯಾಕೆ ಬೇಡ ಅಂದ್ರಿ ಅಂತ ಕೇಳ್ತಿದಾರೆ.”

“ಬ್ಯಾಡ ಅಂದಿಲ್ಲವ್ವಾ! ಒಯ್ಯಾಕ ಬಂದಿದ್ದೆ. ಹೇಳವ್ವಾ ಆಕಿಗೆ, ನಾ ಬಂದಿದ್ದೆ ಅಂತ.”

ಎಲೊಡಿ ಬಹಳ ಹೊತ್ತು ಅವಳ ಕೈ ಹಿಡಿದು ಕೂತಿದ್ದಳು. ಹೊರಡುವಾಗ ಹೇಳಿದ ಮಾತನ್ನು ರಮ್ಯಶ್ರೀ ನೆಲ ನೋಡುತ್ತ ತಿಳಿಸಿದಳು: “ನಿಮ್ಮನ್ನ ಅಮ್ಮ ಅನ್ನೋಕೆ ಆಗಲ್ಲ ಅಂತಿದಾರೆ. ಕ್ಷಮಿಸ್ಬೇಕಂತೆ.”

“ಭೀಮಬಾಯಿ ಅನ್ಲಿ. ಕರದ್ರ ಸಾಕು.”

ಊರಿಗೆ ಹೋದಮೇಲೆ ಎಲೊಡಿ ಎರಡು ಸಲ ವಿಡಿಯೋ ಕಾಲ್ ಮಾಡಿದಳು. ಆಮೇಲೆ ಮಾಡಲಿಲ್ಲ. ಭೀಮಬಾಯಿ ಈಗಲೂ ಫೋನನ್ನು ಒಲೆಯ ಪಕ್ಕದಲ್ಲಿಟ್ಟುಕೊಂಡೇ ರೊಟ್ಟಿ ಬಡಿಯುತ್ತಾಳೆ.