ಮಾವನ ಡಬ್ಬಿಯ ಮುಚ್ಚಳ

ಲಾಂಡ್ರಿಗೆ ಸೇರಿದ ದಿನ ನನಗೆ ಯಾರೂ ಕೆಲಸ ಹೇಳಿಕೊಡಲಿಲ್ಲ, ಊಟ ಮಾಡುವುದು ಹೇಗೆಂದು ಹೇಳಿಕೊಟ್ಟರು. ಕೆಲಸವೆಂದರೂ ಅಂಥದ್ದೇನಿಲ್ಲ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಹೊದಿಕೆಗಳು ಒಗೆತವಾಗಿ, ಒಣಗಿ, ಇಸ್ತ್ರಿಯಾಗಿ ನನ್ನ ಮೇಜಿಗೆ ಬರುತ್ತವೆ. ನಾನು ಮಡಚುತ್ತೇನೆ. ಹುಡುಗ ಡಿಗ್ರಿ ಮಾಡಿದ್ದಾನೆ ಎಂದು ಮನೆಯಲ್ಲಿ ಹೇಳಿಕೊಳ್ಳುತ್ತಾರೆ. ಇಲ್ಲಿ ಆ ಡಿಗ್ರಿಯ ಉಪಯೋಗ ಇಷ್ಟೇ: ನಾನು ಮಡಚಿದ ಹೊದಿಕೆಯ ಮೂಲೆಗೆ ಮೂಲೆ ಕೂಡದಿದ್ದರೆ, "ಓದಿದೋನು, ಏನೋ ಯೋಚನೇಲಿರ್ತಾನೆ ಬಿಡಿ" ಎಂದು ಉಳಿದವರು ಸುಮ್ಮನಾಗುತ್ತಾರೆ.

ನನ್ನ ಮೇಜೇ ಮಧ್ಯಾಹ್ನ ಎಲ್ಲರ ಊಟದ ಮೇಜು. ಹರಿದ ಹೊದಿಕೆಯೊಂದನ್ನು ಹಾಸಿ, ಸುತ್ತ ಸ್ಟೂಲು, ಡ್ರಮ್ಮು ಸಿಕ್ಕಿದ್ದರ ಮೇಲೆ ಕೂರುತ್ತೇವೆ. ಆ ಮೊದಲ ದಿನ ನಾನು ತಂದದ್ದು ಹಿಂದಿನ ರಾತ್ರಿಯ ತಣ್ಣನೆ ಅನ್ನ. ನಾಚಿಕೆಯಾಗಿ, ಡಬ್ಬಿಯ ಮುಚ್ಚಳವನ್ನು ಗೋಡೆಯಂತೆ ನಿಲ್ಲಿಸಿಕೊಂಡು ಅದರ ಹಿಂದೆ ತಲೆ ತಗ್ಗಿಸಿ ತಿನ್ನತೊಡಗಿದ್ದೆ. ಎದುರಿನಿಂದ ಒಂದು ಕೈ ಬಂದು ಮುಚ್ಚಳ ಎತ್ತಿಕೊಂಡಿತು.

"ಏನಳಿಯ, ಒಳಗೆ ಚಿನ್ನ ಗಿನ್ನ ಇಟ್ಟಿದೀಯಾ? ಮುಚ್ಚಳದ ಹಿಂದೆ ತಿನ್ನೋರಿಗೆ ಈ ಮೇಜಲ್ಲಿ ಜಾಗ ಇಲ್ಲಪ್ಪ."

ಅವರೇ ಇಸ್ತ್ರಿ ಮಾವ. ಉಗಿ ಇಸ್ತ್ರಿ ಯಂತ್ರದ ಮುಂದೆ ನಿಂತು ಕೂದಲು ನರೆಸಿಕೊಂಡವರು. ಎಲ್ಲರಿಗೂ ಮಾವ, ಎಲ್ಲ ಹುಡುಗರೂ ಅವರಿಗೆ ಅಳಿಯಂದಿರು. ಮಗಳಿಲ್ಲದ್ದರಿಂದ ಈ ಸಂಬಂಧದಲ್ಲಿ ಯಾರಿಗೂ ಅಪಾಯವಿರಲಿಲ್ಲ. ನನ್ನ ಡಬ್ಬಿಯನ್ನು ಮೇಜಿನ ನಡುವಿಗೆ ಎಳೆದು, ತಮ್ಮದನ್ನು ಅದರ ಪಕ್ಕಕ್ಕಿಟ್ಟು, ನನ್ನ ತಣ್ಣನೆ ಅನ್ನದಲ್ಲಿ ಎರಡು ತುತ್ತು ತಿಂದು, "ಚೆನ್ನಾಗಿದೆ" ಎಂದರು. ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ನೆಮ್ಮದಿಯಾಗಿ ಹೇಳಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆ ಮೇಜಿನ ನಿಯಮ ಅವರು ಮಾಡಿದ್ದು. ಎಲ್ಲ ಡಬ್ಬಿಗಳೂ ನಡುವೆ. ನನ್ನದು ನಿನ್ನದು ಅನ್ನುವ ಹಾಗಿಲ್ಲ. ಮುಂದೆ ಈ ನಿಯಮ ಅವರನ್ನೇ ಹಿಡಿದುಕೊಂಡಿತು.

ಇಸ್ತ್ರಿ ಯಂತ್ರಕ್ಕೆ ಕಾಲಲ್ಲಿ ತುಳಿಯುವ ಪೆಡಲ್ ಇದೆ. ಮಾವನ ಬಲಗಾಲು ದಿನವಿಡೀ ಅದರ ಮೇಲೇ ಇರುತ್ತದೆ. ಕಳೆದ ವರ್ಷ ಆ ಕಾಲಿನ ಹೆಬ್ಬೆರಳಲ್ಲಿ ಚಪ್ಪಲಿ ಉಜ್ಜಿ ಒಂದು ಗಾಯವಾಯಿತು. ಆದ ಗಾಯ ಮಾಯಲೇ ಇಲ್ಲ. ಆಸ್ಪತ್ರೆಗೆ ಹೋದರೆ ರಕ್ತದಲ್ಲಿ ಸಕ್ಕರೆ ಬೇಕಾದಷ್ಟು ಇದೆ ಎಂದರು. ಮಾತ್ರೆ ಕೊಟ್ಟು, ಊಟ ಬದಲಾಯಿಸಿ ಎಂದರು ಡಾಕ್ಟರು. ಸಕ್ಕರೆ ಇಳಿದರೆ ಗಾಯ ಮಾಯುತ್ತದೆ, ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ.

"ಹೆಬ್ಬೆರಳು ಹೋದ್ರೆ ಪೆಡಲ್ ತುಳಿಯೋದು ಹೇಗೆ ಅಂತ ಕೇಳ್ದೆ," ಎಂದು ಮಾವ ನಮಗೆ ಹೇಳಿದರು. "ಕೂತ್ಕೊಂಡು ಮಾಡೋ ಕೆಲಸ ನೋಡ್ಕೊಳ್ಳಿ ಅಂದ್ರು. ಈ ವಯಸ್ಸಲ್ಲಿ ನನಗ್ಯಾರು ಕುರ್ಚಿ ಕೊಡ್ತಾರೆ?"

ಅಂದಿನಿಂದ ಅವರ ಡಬ್ಬಿ ಬದಲಾಯಿತು. ಅವರ ಹೆಂಡತಿ, ಅಂದರೆ ನಮ್ಮೆಲ್ಲರ ಅತ್ತೆ, ಅನ್ನವನ್ನು ಹೆಸರಿಗಷ್ಟೇ ಇಟ್ಟು, ಬೇಯಿಸಿದ ಕಾಳು, ಬೀನ್ಸು, ಒಂದು ಮೊಟ್ಟೆ, ಒಂದು ರಾಶಿ ಸೌತೆಕಾಯಿ ಹೋಳು ತುಂಬಿ ಕಳಿಸತೊಡಗಿದರು.

"ಮಾವ, ಇದು ಡಬ್ಬಿನಾ, ತರಕಾರಿ ಅಂಗಡಿನಾ?" ಎಂದ ವ್ಯಾನ್ ಡ್ರೈವರು.

ನಕ್ಕದ್ದು ಒಂದೆರಡು ದಿನ ಅಷ್ಟೇ. ನಮ್ಮದು ಬಾಯ್ಲರ್ ಪಕ್ಕದ ಕೋಣೆ. ಬೆಳಗ್ಗೆಯಿಂದ ಉಗಿಯಲ್ಲಿ ಬೆಂದವರಿಗೆ ತಣ್ಣನೆಯ ಸೌತೆಕಾಯಿಗಿಂತ ರುಚಿಯಾದದ್ದು ಇನ್ನೇನಿದೆ? ಎಲ್ಲರ ಕೈಯೂ ಮೊದಲು ಅಲ್ಲಿಗೇ ಹೋಗತೊಡಗಿತು. ನನ್ನ ಪ್ಯಾಂಟಿನ ಗುಂಡಿ ಅದೇ ಹೊತ್ತಿಗೆ ಹಟ ಹಿಡಿದಿತ್ತು. ಹೊಟ್ಟೆ ಇಳಿಸಲೇಬೇಕೆಂದು ನಾನು ಗಟ್ಟಿ ತೀರ್ಮಾನ ಮಾಡಿ, ಆ ತೀರ್ಮಾನವನ್ನು ಮಾವನ ಡಬ್ಬಿಯಲ್ಲಿ ಜಾರಿಗೆ ತಂದೆ. ಮಾವನೂ "ತಗೋ ಅಳಿಯ, ತಗೋ" ಎಂದು ಡಬ್ಬಿಯನ್ನು ನನ್ನ ಕಡೆ ತಳ್ಳಿ, ಒಗೆಯುವ ಅಕ್ಕನ ಡಬ್ಬಿಗೆ ಕೈ ಹಾಕುತ್ತಿದ್ದರು. ಆ ಅಕ್ಕ ಹುರಿಯುವ ಆಲೂಗಡ್ಡೆಗೆ ಎಣ್ಣೆಯ ಭಯವೇ ಇಲ್ಲ.

ಡಬ್ಬಿ ದಿನಾ ತೊಳೆದಿಟ್ಟ ಹಾಗೆ ಖಾಲಿಯಾಗಿ ಮನೆಗೆ ಹೋಗುತ್ತಿತ್ತು. ಅತ್ತೆಗೆ ಸಂತೋಷ. ಆದರೆ ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿಯುವುದಿರಲಿ, ಏರಿತ್ತು. ಇನ್ನೊಂದು ತಿಂಗಳು ನೋಡ್ತೀನಿ, ಆಮೇಲೆ ಕತ್ತರಿ ಎಂದರಂತೆ ಡಾಕ್ಟರು. ಅತ್ತೆಗೆ ಅನುಮಾನ ಹತ್ತಿತು. ಲಾಂಡ್ರಿಯ ಎದುರಿಗೆ ಕರಿದ ತಿಂಡಿ ಮಾರುವ ಗಾಡಿ ಇದೆ. ಈ ಮನುಷ್ಯ ಅಲ್ಲೇ ಕದ್ದು ತಿನ್ನುತ್ತಿದ್ದಾರೆ ಎಂದುಕೊಂಡು, ಒಂದು ಮಧ್ಯಾಹ್ನ ಕೈಯಾರೆ ಹಿಡಿಯಲು ಬಂದೇಬಿಟ್ಟರು.

ನಾವು ನೋಡಿದಾಗ ಬಾಗಿಲಲ್ಲಿ ನಿಂತಿದ್ದರು, ಕಂಕುಳಲ್ಲಿ ಚೀಲ, ಮುಖದ ತುಂಬ ಬೆವರು.

"ಗಾಡಿ ಹತ್ರ ಆಗ್ಲಿಂದ ಕಾಯ್ತಿದ್ದೆ. ನಿಮ್ಮ ತಲೆ ಕಾಣ್ಲಿಲ್ಲ. ಛೇ, ಸುಮ್ನೆ ಅನುಮಾನ ಪಟ್ಟೆ, ಮುಖ ನೋಡ್ಕೊಂಡು ಹೋಗೋಣ ಅಂತ ಒಳಗೆ ಬಂದೆ."

ಮುಖ ನೋಡಿದರು. ಮಾವನ ಕೆನ್ನೆಯೊಂದು ಆಲೂಗಡ್ಡೆಯಿಂದ ಉಬ್ಬಿತ್ತು. ಅವರ ಡಬ್ಬಿ ನನ್ನ ತೊಡೆಯ ಮೇಲಿತ್ತು. ಮೊಟ್ಟೆಯ ಅರ್ಧ ನನ್ನ ಕೈಯಲ್ಲಿ, ಇನ್ನರ್ಧ ಎಲ್ಲಿದೆಯೆಂದು ಹೇಳಬೇಕಾಗಿರಲಿಲ್ಲ.

"ಕತ್ತಲಲ್ಲೇ ಎದ್ದು ಬೇಯಿಸ್ತೀನಪ್ಪ," ಎಂದರು ಅತ್ತೆ ನನಗೆ. ದನಿ ಏರಲಿಲ್ಲ. "ನಿನ್ನ ಶುಗರ್ ಹೇಗಿದೆ? ಚೆನ್ನಾಗಿದೆ ಅಲ್ವಾ? ಇರ್ಲೇಬೇಕು."

ಡ್ರೈವರು ನಗಲು ಹೋಗಿ ಕೆಮ್ಮಿದ. ಮಾವ ಆಲೂಗಡ್ಡೆಯನ್ನು ಹೇಗೋ ನುಂಗಿದರು.

"ಎಲ್ಲರೂ ತಿಂತಾರೆ ಕಣೇ. ನಡುವೆ ಇಟ್ಟ ಮೇಲೆ ಬೇಡ ಅನ್ನೋಕಾಗುತ್ತಾ?"

"ಹಾಗಾದ್ರೆ ಆ ಬೆರಳನ್ನೂ ನಡುವೆ ಇಡಿ. ಎಲ್ಲರೂ ನೋಡ್ಲಿ."

ಅಕ್ಕ ಎದ್ದು ತನ್ನ ಸ್ಟೂಲು ಕೊಟ್ಟಳು. ಅತ್ತೆ ಕೂತು ನೀರು ಕುಡಿದು, ಎದ್ದು ಹೋದರು. ಜಗಳ ಆಡುವಷ್ಟು ಶಕ್ತಿ ಅಲ್ಲಿ ಯಾರಲ್ಲೂ ಉಳಿದಿರಲಿಲ್ಲ.

ಮರುದಿನ ಊಟದ ಹೊತ್ತಿಗೆ ಮಾವ ಡಬ್ಬಿ ಹಿಡಿದು, ಒಣಗಲು ಇಳಿಬಿಟ್ಟಿದ್ದ ಹೊದಿಕೆಗಳ ಹಿಂದೆ ಹೋಗಿ ಕೂತರು. ನಮಗೆ ಕಾಣುತ್ತಿದ್ದದ್ದು ಹೊದಿಕೆಯ ಕೆಳಗಿನ ಎರಡು ಪಾದ. ಒಂದರ ತುಂಬ ಬ್ಯಾಂಡೇಜು, ಅದಕ್ಕಾಗಿ ಮುಂಭಾಗ ಕತ್ತರಿಸಿದ ಚಪ್ಪಲಿ.

"ಮಾವ, ಸೌತೆಕಾಯಿ ಸದ್ದು ಇಲ್ಲೀವರೆಗೂ ಕೇಳಿಸ್ತಿದೆ. ಬನ್ನಿ ಈಚೆ. ನಾವು ಮುಟ್ಟಲ್ಲ," ಎಂದಳು ಅಕ್ಕ.

"ನೀವು ಮುಟ್ಟದಿದ್ರೆ ನಾನೇ ತಳ್ತೀನಮ್ಮ. ನನ್ನ ಬುದ್ಧಿ ನನಗೆ ಗೊತ್ತಿಲ್ವಾ?"

ಹೀಗೇ ಕೆಲವು ದಿನ ನಡೆಯಿತು. ಮೇಜಿನ ಸುತ್ತ ಮಾತು ನಿಂತುಹೋಯಿತು. ಡ್ರೈವರು ವ್ಯಾನಿನಲ್ಲೇ ಊಟ ಮುಗಿಸತೊಡಗಿದ. ಅಕ್ಕನ ಆಲೂಗಡ್ಡೆ ಉಳಿದು ಮನೆಗೆ ವಾಪಸು ಹೋಯಿತು. ಹೊದಿಕೆಯ ಹಿಂದೆಯೂ ಊಟ ಸಾಗುತ್ತಿರಲಿಲ್ಲ. ಒಂದು ದಿನ ಇಣುಕಿದೆ. ಮಾವ ಕಾಳನ್ನು ಬೆರಳಲ್ಲಿ ಅತ್ತಿತ್ತ ಸರಿಸುತ್ತ ಕೂತಿದ್ದರು. ಅರ್ಧ ಡಬ್ಬಿ ಹಾಗೇ ಇತ್ತು. ಹಸಿದ ಹೊಟ್ಟೆಯಲ್ಲಿ ಸಂಜೆ ಮನೆಗೆ ಹೋದವರು ಅಲ್ಲಿ ಏನು ಮಾಡುತ್ತಾರೋ ಯಾರಿಗೆ ಗೊತ್ತು? ಡಾಕ್ಟರು ಕೊಟ್ಟ ತಿಂಗಳು ಸವೆಯುತ್ತಿತ್ತು.

ನಾನು ಡಬ್ಬಿ ಎತ್ತಿಕೊಂಡು ಬಂದೆ. ಅವರು ಕುಂಟುತ್ತ ಹಿಂದೆ ಬಂದರು. ಮೇಜಿನ ಮೇಲೆ ಅವರ ಜಾಗದಲ್ಲಿ ಡಬ್ಬಿ ಇಟ್ಟು, ಅದಕ್ಕೂ ನಮಗೂ ನಡುವೆ ಮುಚ್ಚಳವನ್ನು ನೆಟ್ಟಗೆ ನಿಲ್ಲಿಸಿದೆ. ಅದು ಬೀಳದಂತೆ ಸೋಪಿನ ಪ್ಯಾಕೆಟ್ಟೊಂದನ್ನು ಒತ್ತಿಟ್ಟೆ.

ಮಾವ ಆ ಮುಚ್ಚಳ ನೋಡಿದರು.

"ಇದು ನಮ್ಮ ಮೇಜಿನ ರೂಲಲ್ಲ ಅಳಿಯ."

"ಒಳಗೆ ಚಿನ್ನ ಇದೆ ಅಂದ್ಕೊಳ್ಳಿ ಮಾವ. ಯಾರಿಗೂ ಕೊಡ್ಬೇಡಿ."

"ಓದಿದೋನು ಹೇಳ್ತಿದಾನೆ, ಕೂತ್ಕೊಳ್ಳಿ," ಎಂದಳು ಅಕ್ಕ.

ಕೂತರು. ಮುಚ್ಚಳದ ಹಿಂದೆ ತಲೆ ತಗ್ಗಿಸಿ, ನಾನು ಮೊದಲ ದಿನ ತಿಂದ ಹಾಗೆಯೇ ತಿಂದರು. ನಾವೆಲ್ಲ ಬೇರೆ ಕಡೆ ನೋಡಿದೆವು. ಒಮ್ಮೆ ಅಭ್ಯಾಸಬಲದಿಂದ ಅವರ ಕೈ ಈಚೆ ಬಂತು. ಅಕ್ಕ ಅದರ ಮೇಲೆ ಮೆಲ್ಲಗೆ ಹೊಡೆದಳು. ಕೈ ವಾಪಸು ಹೋಯಿತು.

ತಿಂಗಳ ಕೊನೆಗೆ ಸಕ್ಕರೆ ಸ್ವಲ್ಪ ಇಳಿದಿತ್ತು. ಗಾಯ ಇನ್ನೂ ಬಾಯಿ ಬಿಟ್ಟುಕೊಂಡೇ ಇದೆ, ಅಂಚಿನಲ್ಲಿ ಮಾತ್ರ ಹೊಸ ಚರ್ಮ ಬರುತ್ತಿದೆಯಂತೆ. ಡಾಕ್ಟರು ಕತ್ತರಿಯ ಮಾತೆತ್ತದೆ, ಮುಂದಿನ ತಿಂಗಳು ಬನ್ನಿ ಎಂದರಂತೆ. ನಾವೂ ಅಷ್ಟಕ್ಕೇ ಸಮಾಧಾನಪಟ್ಟುಕೊಂಡೆವು. ಸೌತೆಕಾಯಿಯನ್ನು ಈಗ ನಾನೇ ಕೊಂಡು ತರುತ್ತೇನೆ. ಗುಂಡಿಯ ಹಟ ಮುಂದುವರಿದಿದೆ. ಡ್ರೈವರು ಮೇಜಿಗೆ ಮರಳಿದ್ದಾನೆ.

ಮುಚ್ಚಳವನ್ನು ಮಾವ ಈಗ ತಾವೇ ನಿಲ್ಲಿಸಿಕೊಳ್ಳುತ್ತಾರೆ. ನೋವಿರುವ ಕಾಲನ್ನು ಸೋಪಿನ ಡಬ್ಬದ ಮೇಲೆ ಚಾಚಿ, ಕಾಳು ಬಾಯಿಗಿಟ್ಟು, ಕಣ್ಣು ಮುಚ್ಚಿ ಕೇಳುತ್ತಾರೆ:

"ಆಲೂಗಡ್ಡೆ ಹೇಗಾಗಿದೆಯಮ್ಮ ಇವತ್ತು?"

"ಅಂಚು ಕೆಂಪಗಾಗಿದೆ ಮಾವ. ಖಾರ ಒಂಚೂರು ಜಾಸ್ತಿ."

"ಉಪ್ಪು?"

"ಸರಿಯಾಗಿದೆ."

"ಹ್ಞೂಂ," ಎಂದು ಮಾವ ನಿಧಾನವಾಗಿ ಅಗಿಯುತ್ತಾರೆ.