ಸೊಂಟದಿಂದ ಇಳಿದ ತಮ್ಮ

ಮೊನ್ನೆ ಪಕ್ಕದ ಮನೆಯವರು ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಚೀಲವೊಂದನ್ನು ತಂದು ತೋರಿಸಿದರು. ಮೆತ್ತನೆಯ ಪಟ್ಟಿ, ಗುಂಡಿ, ಕಿಸೆ, ಎಲ್ಲ ಇದ್ದವು. ನನಗೆ ನಗು ಬಂತು. ಎಂಬತ್ತರ ದಶಕದಲ್ಲಿ, ನಮ್ಮ ಹಳ್ಳಿ ಮೊರಬದಲ್ಲಿ, ನಮ್ಮ ಮನೆಯಲ್ಲೂ ಅಂಥದೊಂದು ಚೀಲವಿತ್ತು ನೋಡಿ, ಅದು ನಾನೇ.

ನನಗಾಗ ಎಂಟು ವರ್ಷ, ತಮ್ಮ ಬಸುವಿಗೆ ಮೂರು. ಅವ್ವ ಹೊಲಕ್ಕೆ ಹೋದರೆ ಅವನು ನನ್ನ ಸೊಂಟಕ್ಕೆ. ಎರಡನೇ ಕ್ಲಾಸಿಗೇ ನನ್ನ ಸಾಲಿ ಬಿಡಿಸಿದ್ದೂ ಅದಕ್ಕೇ. ಕುಲದೀಪಕನ ಕಾಲು ನೆಲಕ್ಕೆ ತಾಗಬಾರದೆಂದು ಅಪ್ಪನ ತಾಯಿಯ, ಅಂದರೆ ನಮ್ಮ ಆಯಿಯ, ಕಟ್ಟಪ್ಪಣೆ. ಅವನು ಬೆರಳು ತೋರಿಸಿದರೆ ಬೆಲ್ಲ, ಕಣ್ಣು ಹೊರಳಿಸಿದರೆ ನೀರು. ಇಷ್ಟು ಅನುಕೂಲವಿದ್ದಾಗ ಯಾವ ಜಾಣ ಬಾಯಿ ತೆರೆದಾನು? ಮಾತು ಬರಲೆಂದು ಆಯಿ ತಾಯತ ಕಟ್ಟಿಸಿದಳು, ಹರಕೆ ಹೊತ್ತಳು. ನನ್ನನ್ನು ಮಾತ್ರ ಯಾರೂ ಅಷ್ಟು ಮುತುವರ್ಜಿಯಿಂದ ಸಾಕಲಿಲ್ಲ. ಹಾಗಾಗಿ ನಡಿಗೆ, ಮಾತು, ರೊಟ್ಟಿ ಬಡಿಯುವುದು ಎಲ್ಲ ಲಗೂನೆ ಬಂದುಬಿಟ್ಟಿದ್ದವು.

ಆ ವರ್ಷ ಸಾಲಿಯ ಬಾಜು ಚಿಕ್ಕ ಮಕ್ಕಳ ಬಾಲವಾಡಿ ಶುರುವಾಯಿತು. ಬಸುವನ್ನು ಹೊತ್ತು ಸಾಲಿಯ ಕಿಟಕಿಯಲ್ಲಿ ಇಣುಕುತ್ತಿದ್ದ ನನ್ನನ್ನು ಬಾಲವಾಡಿಯ ಅಕ್ಕೋರು ನೋಡಿದರು.

"ಅವನ್ನ ಇಲ್ಲೆ ಬಿಟ್ಟು ನೀ ಸಾಲ್ಯಾಗ ಹೋಗಿ ಕೂಡವಾ."

"ನೆಲದ ಮ್ಯಾಲ ಬಿಟ್ರ ಆಯಿ ಬೈತಾಳ್ರಿ."

"ಹಂಗಾರ ಚಾಪಿ ಮ್ಯಾಲ ಬಿಡು!"

ಸುದ್ದಿ ತಿಳಿದು ಆಯಿ ಗುಡುಗಿದಳು. ಅಲ್ಲಿ ಉಪ್ಪಿಟ್ಟು ಕೊಡುತ್ತಾರೆಂದು ಗೊತ್ತಾದ ಮೇಲೆ ತಣ್ಣಗಾದಳು. ಬಸು ಬಾಲವಾಡಿಗೆ, ನಾನು ಮತ್ತೆ ಸಾಲಿಗೆ. ಬಸು ಮೊದಮೊದಲು ಅತ್ತ. ಅಲ್ಲಿ ಬೆರಳು ತೋರಿಸಿದರೆ ಯಾರೂ ಓಡಿ ಬರುತ್ತಿರಲಿಲ್ಲ. ಉಪ್ಪಿಟ್ಟು ಬೇಕಾದವರು 'ಉಪ್ಪಿಟ್ಟು' ಅನ್ನಲೇಬೇಕು. ಓರಗೆಯವರೊಡನೆ ಬಿದ್ದ, ಎದ್ದ, ಜಗಳಾಡಿದ. ಒಂದು ಸಂಜೆ ಆಯಿ ಎತ್ತಿಕೊಂಡಾಗ, "ಇಳಸ ಬೇ ನನ್ನ!" ಎಂದು ಚೀರಿದ.

ಆಯಿಯ ಕಣ್ಣಲ್ಲಿ ನೀರು. "ನನ್ನ ಹರಕಿ ಫಲಿಸ್ತು," ಎಂದು ಓಣಿಗೆಲ್ಲ ಸಕ್ಕರೆ ಹಂಚಿದಳು. ಬಾಲವಾಡಿಯ ಹೆಸರು ಯಾರೂ ಎತ್ತಲಿಲ್ಲ. ಆಮೇಲೆ ಅವ್ವನಿಗೆ ಹೇಳಿದಳು: "ಮಾತು ಬಂತಲ್ಲ, ಇನ್ನ ಸಾಕು. ನಾಳಿಂದ ಹುಡುಗಿ ಮನ್ಯಾಗ ಇರ್ಲಿ, ಅವನ್ನ ಆಡಸ್ತಾಳ."

ಅತ್ತೆಯ ಎದುರು ಅವ್ವ "ಹೂನ್ರಿ" ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಂದು ಹಿಟ್ಟು ನಾದುತ್ತ, ತಲೆ ಎತ್ತದೆ ಅಂದಳು: "ಇಲ್ರಿ ಅತ್ತಿ. ಇಬ್ರೂ ಹೋಗ್ತಾರ."

ಆಯಿ ಖಾಲಿ ಸಕ್ಕರೆ ಡಬ್ಬಿ ಎತ್ತಿಕೊಂಡು ಒಳಗೆ ನಡೆದಳು. ಮರುದಿನ ನಾವಿಬ್ಬರೂ ಹೋದೆವು.

ಬಸು ಈಗ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ತನ್ನನ್ನು ರೂಪಿಸಿದ್ದು ಆಯಿಯ ಪ್ರೀತಿಯೆಂದು ಸಭೆಗಳಲ್ಲಿ ಗದ್ಗದಿತನಾಗುತ್ತಾನೆ. ನಾನು ತಿದ್ದಲು ಹೋಗುವುದಿಲ್ಲ. ಅವ್ವನನ್ನು ಮಾತ್ರ ನಿನ್ನೆ ಫೋನಿನಲ್ಲಿ ಕೇಳಿದೆ: "ಅವತ್ತ ಆಯಿಗೆ ಇಲ್ಲ ಅಂದಾಗ ನಿನಗ ಅಂಜಿಕಿ ಆಗ್ಲಿಲ್ಲೇನ ಬೇ?"

"ಆಗಿತ್ತವಾ," ಅಂದಳು. "ಅದಕ್ಕ ತಲಿ ಎತ್ತಿ ಅತ್ತಿ ಮಾರಿ ನೋಡಲಿಲ್ಲ."