ಮಡಿ ಕೆಡಿಸಿದ ಗುಳಿಗೆ

ತೊಳೆದೂ ತೊಳೆದೂ ನನ್ನ ಕೈಯ ಚರ್ಮ ಬಿರಿದು ರಸಿಕೆ ಒಸರುತ್ತಿತ್ತು. ಕೊಟ್ಟೂರಿನ ಮನೆಗೆ ಬಂದವರೆದುರು ಅತ್ತೆ ಅದನ್ನೇ ಹೊಗಳುತ್ತಿದ್ದರು: "ನಮ್ಮ ಸೊಸಿ ಭಾಳ ಮಡಿವಂತಿ ನೋಡ್ರಿ."

ದಾವಣಗೆರೆಯ ಮನೋವೈದ್ಯರು ಈ ತೊಳೆಯುವ ಗೀಳೇ ಕಾಯಿಲೆ ಎಂದರು. ಮೊದಲ ಗುಳಿಗೆಗೆ ವಾಂತಿ, ಎರಡನೆಯದಕ್ಕೆ ಹೆಣದಂಥ ನಿದ್ದೆ. ಮೂರನೆಯದೋ ನಾಲ್ಕನೆಯದೋ ಹಿಡಿಸಿತು, ನೆನಪನ್ನು ನಂಬಲಾರೆ. ಕೈ ಮಾಯಿತು. ಒಂದು ಬೆಳಿಗ್ಗೆ ಕಸ ಗುಡಿಸಿ, ಒಮ್ಮೆ ಮಾತ್ರ ಕೈ ತೊಳೆದು, ಪೂಜೆಯ ತಂಬಿಗೆ ಮುಟ್ಟಿದೆ.

"ಗುಳಿಗಿ ನುಂಗಿ ಆಚಾರ ಕೆಡಿಸಿಕೊಂಡ್ಯಲ್ಲವ್ವಾ! ಇವತ್ತಿಂದ ಬಿಟ್ಟುಬಿಡು," ಎಂದರು ಅತ್ತೆ.

ರಸಿಕೆ ಒಸರುವ ಕೈಯಿಂದ ಬಡಿದ ರೊಟ್ಟಿಯನ್ನು ಅವರು ಚಪ್ಪರಿಸಿ ತಿಂದಿದ್ದರು. ಮಾಯ್ದ ಕೈ ಈಗ ಮೈಲಿಗೆ. ನನಗೆ ಹೇಸಿಗೆಯಾಯಿತು. ಅವರೆದುರೇ ಗುಳಿಗೆ ನುಂಗಿದೆನೆಂದು ಬರೆಯಲು ಆಸೆ. ಇಲ್ಲ, ಬಚ್ಚಲಲ್ಲಿ ಕದ್ದು ನುಂಗಿದೆ, ಮರುದಿನವೂ.